ಸಿದ್ದಣ್ಣನ ಹಿಮ್ಮಡಿ

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸಿದ್ದಣ್ಣ ಬಲಗಾಲನ್ನು ಪ್ರದರ್ಶನಕ್ಕಿಟ್ಟು ಕುಳಿತಿದ್ದ. ಮೊನ್ನೆ ತೊಗರಿ ಹೊಲದ ಬದುವಿನಲ್ಲಿ ನೆಟ್ಟ ಜಾಲಿ ಮುಳ್ಳು ಅವನ ಹಿಮ್ಮಡಿಯನ್ನು ಬದನೆಕಾಯಿ ಮಾಡಿಬಿಟ್ಟಿತ್ತು.

"ಮುಳ್ಳಿನ ವಿಷ ಏರಿದೆ," ಎಂದು ನರಳಿದ.

"ವಿಷವಲ್ಲ ತಮ್ಮಾ, ನಿನ್ನದೇ ಮಂದಿಯ ಗದ್ದಲ," ಎಂದರು ಖಾಜಾ ಸಾಹೇಬರು, ಮಿರ್ಚಿ ಭಜಿ ಮುರಿಯುತ್ತ. ರಕ್ತ ಪರೀಕ್ಷೆಯಲ್ಲೇ ಕೂದಲು ಹಣ್ಣಾದವರು. "ಚರ್ಮದಡಿಯಲ್ಲಿ ಕಾವಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲಿವೆ. ರಕ್ತನಾಳ ಹಿಗ್ಗಿ, ಸೋರಿ, ಕಾಲು ಕೆಂಪಾಗಿ ಊದಿದೆ. ಆ ನಾಳದ ಸಂದಿಯಿಂದಲೇ ನ್ಯೂಟ್ರೋಫಿಲ್‌ಗಳು ಹೊರಗೆ ನುಗ್ಗುತ್ತವೆ. ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ."

"ಬಂದವನು ಯಾರೆಂದು ವಿಚಾರಿಸುವುದಿಲ್ಲವೇ?" ಎಂದು ಕೇಳಿದೆ.

"ಯಾವ ಊರು, ಯಾರ ಮಗ ಎಂದು ಕಡತ ತೆರೆಯುವುದು ಇನ್ನೊಂದು ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳ ಕೆಲಸ. ಹೊಸಬನಾದರೆ ಅವಕ್ಕೆ ಹಲವು ದಿನ ಬೇಕು. ಈ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾದ ಮೈಯ ಗೋಡೆಯನ್ನು ಮುಟ್ಟಿ ನೋಡಿ, ನಮ್ಮವನಲ್ಲ ಎಂದ ಕೂಡಲೇ ನುಂಗುತ್ತವೆ. ನುಂಗಿ ತಾವೂ ಸಾಯುತ್ತವೆ. ಕೀವು ಎನ್ನುತ್ತೇವಲ್ಲ, ಅದರಲ್ಲಿ ಬಹುಪಾಲು ಅವುಗಳ ಹೆಣ."

ಸಿದ್ದಣ್ಣನ ಮುಖ ಇಳಿಯಿತು. "ಅಯ್ಯೋ, ನನ್ನವರೇ? ಬೆಳಿಗ್ಗೆ ಹೊಲಸು ಎಂದು ಬೈದು ಒರೆಸಿ ಎಸೆದೆನಲ್ಲ!"

ಸಾಹೇಬರು ಅವನ ಶೋಕಕ್ಕೆ ಸೊಪ್ಪು ಹಾಕದೆ ಇಟಲಿಗೆ ಹೋದರು. 1882ರಲ್ಲಿ ಮೆಸ್ಸಿನಾದಲ್ಲಿ ಮೆಚ್ನಿಕೋಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮುಳ್ಳು ಚುಚ್ಚಿಟ್ಟನಂತೆ. ಮರುದಿನ ಬೆಳಿಗ್ಗೆ ನೋಡಿದರೆ, ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು, ನಮ್ಮ ಜಾತ್ರೆಯಲ್ಲಿ ತೇರಿನ ಗಾಲಿಗೆ ಜನ ಮುತ್ತುವಂತೆ. 1908ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

"ಚುಚ್ಚಿದವನಿಗೆ ನೊಬೆಲ್. ಚುಚ್ಚಿಸಿಕೊಂಡವನಿಗೆ?"

"ಧನುರ್ವಾಯು ಸೂಜಿ. ಏಳು."

ಸೂಜಿಯ ಹೆಸರು ಕೇಳಿದ್ದೇ ಸಿದ್ದಣ್ಣನಿಗೆ ತನ್ನ ಸೈನ್ಯದ ಮೇಲೆ ಎಲ್ಲಿಲ್ಲದ ಅಭಿಮಾನ ಬಂತು. "ಇಷ್ಟು ಮಂದಿ ಪ್ರಾಣ ಕೊಡುತ್ತಿರುವಾಗ ಸೂಜಿ ಏಕೆ ಸಾಹೇಬರೇ?"

"ಧನುರ್ವಾಯುವಿನ ವಿಷ ಇವುಗಳ ಬಾಯಿಗೆ ಸಿಗುವಂಥದ್ದಲ್ಲ. ಅದಕ್ಕೆ ಕಡತದವರೇ ಬೇಕು. ಸೂಜಿ ಹಾಕಿಸುವುದೇ ಆ ಕಡತ ಮೊದಲೇ ಸಿದ್ಧವಿರಲಿ ಎಂದು."

ಸಿದ್ದಣ್ಣ ನನ್ನ ಭುಜ ಹಿಡಿದು ಎದ್ದ. ಕುಂಟುತ್ತ ಹೊರಡುವ ಮುನ್ನ, ಪೊಟ್ಟಣದಲ್ಲಿ ಉಳಿದಿದ್ದ ಒಂದೇ ಒಂದು ಭಜಿಯನ್ನು ಎತ್ತಿಕೊಂಡ.

"ನನಗಲ್ಲ," ಎಂದ, "ಸತ್ತವರ ಹೆಸರಿನಲ್ಲಿ."