ಬ್ಲೋಯರ್ ಫೀಡರ್ ಮಧ್ಯಾಹ್ನ ಮಾತ್ರ ಟ್ರಿಪ್, ಆಂಪ್ಸ್ ನೋಡಿದ್ರೆ ಸರಿಯಾಗೇ ಇದೆ

ಮಿಲ್ ಮೇಂಟೆನೆನ್ಸ್, ದಾವಣಗೆರೆ

ರೈಸ್ ಮಿಲ್‌ನ ಎಂಸಿಸಿ (ಮೋಟರ್‌ಗಳ ಸ್ವಿಚ್, ಸ್ಟಾರ್ಟರ್ ಇರೋ ಪ್ಯಾನೆಲ್, ಒಂದೊಂದು ಮೋಟರ್‌ಗೆ ಒಂದೊಂದು ಫೀಡರ್), ಫಿಕ್ಸೆಡ್ ಟೈಪ್ (ಫೀಡರ್ ಹೊರಗೆ ಎಳೆಯೋಕೆ ಬರಲ್ಲ), 415 ವೋಲ್ಟ್. ಹೊಟ್ಟು ಎಳೆಯೋ ಬ್ಲೋಯರ್‌ಗೆ 30 ಕಿಲೋವ್ಯಾಟ್ ಮೋಟರ್, ನೇಮ್‌ಪ್ಲೇಟ್ 54 ಆಂಪ್ಸ್, ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ವೈಂಡಿಂಗ್‌ಗೆ ಕಡಿಮೆ ವೋಲ್ಟೇಜ್, ಆಮೇಲೆ ಪೂರ್ತಿ). ಕರೆಂಟ್ ಜಾಸ್ತಿ ಆದ್ರೆ ಮೋಟರ್ ನಿಲ್ಲಿಸೋ ಓವರ್‌ಲೋಡ್ ರಿಲೇ 31 ಆಂಪ್ಸ್‌ಗೆ ಇತ್ತು. ಬೆಳಗ್ಗೆ ಆರಾಮಾಗಿ ಓಡುತ್ತೆ, ಮಧ್ಯಾಹ್ನ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಟ್ರಿಪ್. ಫೀಡರ್ ಇನ್‌ಕಮಿಂಗ್‌ನಲ್ಲಿ ಕ್ಲಾಂಪ್ ಮೀಟರ್ ಹಾಕಿದ್ರೆ ಮೂರು ಫೇಸಲ್ಲಿ 47, 48, 46 ಆಂಪ್ಸ್. ಶಿಫ್ಟ್‌ನವರು ಡಯಲ್ 36ಕ್ಕೆ ತಿರುಗಿಸಿ ಓಡಿಸ್ತಿದ್ದಾರೆ. ರಿಲೇ ಕೆಳಗೆ ಬಿ ಫೇಸ್ (ಆರ್, ವೈ, ಬಿ ಮೂರರಲ್ಲಿ ಒಂದು) ಲಗ್‌ನ, ಅಂದ್ರೆ ಕೇಬಲ್ ತುದಿಗೆ ಹಾಕೋ ಲೋಹದ ತುಂಡಿನ, ಸ್ಲೀವ್ ಕಂದುಬಣ್ಣಕ್ಕೆ ತಿರುಗಿದೆ. ಪ್ಯಾನೆಲ್ ಒಳಗೆಲ್ಲಾ ತೌಡಿನ ಧೂಳು. ಸಂಜೆ ಹೊತ್ತು ಮೇನ್ ಕಾಂಟ್ಯಾಕ್ಟರ್ (ಕಾಯಿಲ್‌ನ ಮ್ಯಾಗ್ನೆಟ್ ಎಳೆದು ಕೂಡಿಸೋ ಸ್ವಿಚ್) ಗುಂಯ್ ಅನ್ನುತ್ತೆ. ಬೇಸಿಗೆ ಭತ್ತ ಬರೋಕೆ ಮುಂಚೆ ಒಂದು ದಿನ ಶಟ್‌ಡೌನ್ ಸಿಗುತ್ತೆ. ರಿಲೇ ಬದಲಾಯಿಸಿದ್ರೆ ಸಾಕಾ?

ಪ್ಯಾನೆಲ್ ಕೆಲಸ, ಹರಿಹರ

ಮೊದಲು ಡಯಲ್ ವಾಪಸ್ 31ಕ್ಕೆ ತನ್ನಿ. ಸ್ಟಾರ್-ಡೆಲ್ಟಾದಲ್ಲಿ ರಿಲೇ ಮೇನ್ ಕಾಂಟ್ಯಾಕ್ಟರ್ ಕೆಳಗೆ ಕೂತಿದ್ದರೆ ಅದರಲ್ಲಿ ಹರಿಯೋದು ಲೈನ್ ಕರೆಂಟಿನ ಶೇ. 58 ಮಾತ್ರ: 54 × 0.58 = 31. ಡಯಲ್ 36 ಅಂದ್ರೆ ಲೈನ್‌ನಲ್ಲಿ 62 ಆಂಪ್ಸ್. ಅದರ 1.2 ಪಟ್ಟು, ಅಂದ್ರೆ 75 ಆಂಪ್ಸ್ ಆದಾಗ್ಲೂ ಟ್ರಿಪ್ ಆಗೋಕೆ ರಿಲೇಗೆ ಎರಡು ಗಂಟೆವರೆಗೆ ಅವಕಾಶ ಇದೆ, ಸ್ಟ್ಯಾಂಡರ್ಡ್ ಇರೋದೇ ಹಾಗೆ. ಅಷ್ಟು ಹೊತ್ತಿಗೆ ವೈಂಡಿಂಗ್ ಸುಟ್ಟಿರಬಹುದು.

ಈಗ ನಿಮ್ಮ ಕೇಸ್. ಲೈನ್ 48 ಅಂದ್ರೆ ರಿಲೇಯಲ್ಲಿ 28ರ ಹತ್ತಿರ. 31ಕ್ಕೆ ಇಟ್ಟ ರಿಲೇ 28ಕ್ಕೆ ಬೀಳಬಾರದು. ಬೀಳ್ತಿದೆ ಅಂದ್ರೆ ಬೈಮೆಟಲ್‌ಗೆ (ರಿಲೇ ಒಳಗೆ ಬಿಸಿಗೆ ಬಾಗಿ ಟ್ರಿಪ್ ಮಾಡಿಸೋ ಪಟ್ಟಿ) ಹೊರಗಿನ ಬಿಸಿ ತಾಗ್ತಿದೆ, ಇಲ್ಲಾ ರಿಲೇನೇ ಹಾಳಾಗಿದೆ. ಸ್ಲೀವ್ ಕಂದಾಗಿರೋದ್ರಿಂದ ನನ್ನ ಅನುಮಾನ ಆ ಲಗ್ ಮೇಲೆ. ಜಾಯಿಂಟ್‌ನಲ್ಲಿ 5 ಮಿಲಿಓಮ್ ಇದ್ರೂ 28 × 28 × 0.005, ಹೆಚ್ಚುಕಡಿಮೆ 4 ವ್ಯಾಟ್. ರಿಲೇಯ ಒಂದು ಪೋಲ್ ತಾನಾಗಿ ಬಿಡೋ ಬಿಸಿನೇ ಸುಮಾರು 2 ವ್ಯಾಟ್. ಆ ನಾಲ್ಕರಲ್ಲಿ ಒಂದಷ್ಟು ಟರ್ಮಿನಲ್‌ನ ತಾಮ್ರದ ಮೂಲಕ ನೇರ ಬೈಮೆಟಲ್‌ಗೆ ಹೋಗುತ್ತೆ. ಈ ಸ್ಥಿತಿಯಲ್ಲಿ ಹೊಸ ರಿಲೇ ಹಾಕಿದ್ರೆ ಅದೂ ಬೀಳುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ ಎರಡು ಅಳತೆ ಸಾಕು. ಒಂದು, ಲೋಡ್ ಹಾಕಿ ಅರ್ಧ ಗಂಟೆ ಆದ್ಮೇಲೆ ಮೂರೂ ಫೇಸಿನ ಲಗ್‌ಗಳ ಟೆಂಪರೇಚರ್. ಹೊಳೆಯೋ ಲೋಹದ ಮೇಲೆ ಐಆರ್ ಗನ್ (ಮುಟ್ಟದೇ ಬಿಸಿ ಅಳೆಯೋ ಮೀಟರ್) ಕಡಿಮೆ ತೋರಿಸುತ್ತೆ, ಪವರ್ ಆಫ್ ಇದ್ದಾಗ್ಲೇ ಲಗ್ ಮೇಲೆ ಕಪ್ಪು ಟೇಪ್ ಚೂರು ಅಂಟಿಸಿಡಿ. ಒಂದೇ ಲೋಡ್‌ನಲ್ಲಿ ಫೇಸ್ ಫೇಸಿಗೆ 15 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಮುಂದಿನ ಶಟ್‌ಡೌನ್‌ವರೆಗೂ ಕಾಯೋ ಹಾಗಿಲ್ಲ. ಎರಡು, ಲಗ್‌ನಿಂದ ಟರ್ಮಿನಲ್‌ಗೆ ಮಿಲಿವೋಲ್ಟ್ ಡ್ರಾಪ್, ಮೂರೂ ಫೇಸಿಗೆ ಹೋಲಿಸಿ. ಇದು ಲೈವ್ ಕೆಲಸ. ಗ್ಲೌಸ್, ಫೇಸ್ ಶೀಲ್ಡ್, ಕ್ಯಾಟ್ 3 (ಸುರಕ್ಷತಾ ದರ್ಜೆ) ಮೀಟರ್ ಇಲ್ಲದಿದ್ರೆ ಕೈ ಹಾಕಬೇಡಿ, ಪವರ್ ತೆಗೆದು ಮೈಕ್ರೋ-ಓಮ್ ಮೀಟರ್‌ನಲ್ಲೇ ನೋಡಿ.

ಗೋದಾಮು-ಮಿಲ್, ದಾವಣಗೆರೆ

ಅಷ್ಟೆಲ್ಲಾ ಯಾಕೆ? ಏಪ್ರಿಲ್ ಬಿಸಿಲು, ಮೇಲೆ ತಗಡಿನ ಶೆಡ್ಡು. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಮುಗೀತು.

ಪ್ಯಾನೆಲ್ ಕೆಲಸ, ಹರಿಹರ

ಸುತ್ತಲಿನ ಬಿಸಿಗೆ ಸರಿದೂಗಿಸೋ ಎರಡನೇ ಬೈಮೆಟಲ್ ಈಗಿನ ರಿಲೇಗಳಲ್ಲಿ ಇರುತ್ತೆ, ಸಾಮಾನ್ಯವಾಗಿ 60 ಡಿಗ್ರಿವರೆಗೆ. ಬರೀ ಬಿಸಿಲೇ ಕಾರಣ ಆಗಿದ್ರೆ ಪಕ್ಕದ ಎಲಿವೇಟರ್, ಪಾಲಿಷರ್ ಫೀಡರ್‌ಗಳೂ ಬೀಳಬೇಕಿತ್ತು. ಬೆಳಗ್ಗೆ ಹೇಗೋ ತಡ್ಕೊಳ್ಳೋ ಜಾಯಿಂಟು ಮಧ್ಯಾಹ್ನದ ಬಿಸಿಗೆ ಮಿತಿ ದಾಟ್ತಿದೆ, ಅಷ್ಟೇ. ಫ್ಯಾನ್ ಹಾಕೋದಾದ್ರೆ ಎಕ್ಸಾಸ್ಟ್ ಬೇಡ, ಅದು ಪ್ರತಿ ಸಂದಿಯಿಂದಲೂ ತೌಡನ್ನ ಒಳಗೆ ಎಳೆಯುತ್ತೆ. ಕೆಳಗೆ ಫಿಲ್ಟರ್ ಇಟ್ಟು ಗಾಳಿ ಒಳಗೆ ತಳ್ಳೋ ಫ್ಯಾನ್ ಹಾಕಿ, ಮೇಲ್ಗಡೆಯಿಂದ ಹೊರಗೆ ಹೋಗಲಿ.

ಆಯಿಲ್ ಮಿಲ್ ಎಲೆಕ್ಟ್ರಿಷಿಯನ್, ಚಳ್ಳಕೆರೆ

ಗುಂಯ್ ಅನ್ನೋ ಕಾಂಟ್ಯಾಕ್ಟರ್ ಬಗ್ಗೆ ಹೇಳ್ತೀನ್ರಿ. ಸಂಜೆ ವೋಲ್ಟೇಜ್ ಅಳೀರಿ, ಕಾಯಿಲ್ ಟರ್ಮಿನಲ್‌ನಾಗೇ ಅಳೀಬೇಕು. ಕಾಯಿಲ್‌ಗೆ ಅದರ ರೇಟಿಂಗಿನ ಶೇ. 85 ಆದ್ರೂ ಬೇಕು: 230ರದ್ದಕ್ಕೆ 195, 415ರದ್ದಕ್ಕೆ 353. ಅಷ್ಟು ಇದ್ರೂ ಗುಂಯ್ ಅಂದ್ರೆ ಮ್ಯಾಗ್ನೆಟ್ ಮುಖದ ಮ್ಯಾಲೆ ತೌಡು ಕೂತೈತಿ, ಇಲ್ಲಾಂದ್ರೆ ಶೇಡಿಂಗ್ ರಿಂಗ್ (ಮ್ಯಾಗ್ನೆಟ್ ಮುಖದಾಗ ಗುಂಯ್ ತಡೆಯೋ ಉಂಗುರ) ಒಡೆದೈತಿ. ತೌಡಿನಾಗ ಎಣ್ಣೆ ಅಂಶ ಇರ್ತೈತಿ, ಅಂಟಿಕೊಂಡ್ರೆ ಬಿಡಂಗಿಲ್ಲ. ಒಣ ಬಟ್ಟೆಯಿಂದ ಒರೆಸ್ರಿ, ಎಣ್ಣೆ-ಗ್ರೀಸ್ ಹಚ್ಚಬ್ಯಾಡ್ರಿ. ಕಾಂಟ್ಯಾಕ್ಟ್ ತುದಿ ಕಪ್ಪಾಗೈತಿ ಅಂತ ಅರ ತಗೊಂಡು ಉಜ್ಜಬ್ಯಾಡ್ರಿ, ಕಪ್ಪಾದ್ರೂ ಬೆಳ್ಳಿ ಕೆಲಸ ಮಾಡ್ತೈತಿ, ಉಜ್ಜಿದ್ರೆ ಬೆಳ್ಳಿನೇ ಹೋಗ್ತೈತಿ. ಸವೆದು ತೆಳ್ಳಗಾಗಿದ್ರೆ ಸ್ಪ್ರಿಂಗ್ ಸಮೇತ ಮೂರೂ ಪೋಲ್ ಒಟ್ಟಿಗೆ ಬದಲಾಯಿಸ್ರಿ.

ಧೂಳು ತೆಗೆಯೋಕೆ ಕಂಪ್ರೆಸರ್ ಗಾಳಿ ಹೊಡೆದ್ರೆ ಧೂಳು ಟೈಮರ್, ರಿಲೇ ಒಳಗೇ ಹೋಗಿ ಕೂರ್ತೈತಿ. ವ್ಯಾಕ್ಯೂಮ್ ತಗೊಳ್ರಿ. ಆಮೇಲೆ ಕೇಬಲ್ ಒಳಗೆ ಬರೋ ಗ್ಲ್ಯಾಂಡ್ ಪ್ಲೇಟ್‌ನಾಗ ಕೇಬಲ್ ಇಲ್ಲದ ತೂತು ಎಲ್ಲಾ ಮುಚ್ಚಿ, ಬಾಗಿಲ ಗ್ಯಾಸ್ಕೆಟ್ ಹೊಸದು ಹಾಕ್ರಿ. ಇಲ್ಲಾಂದ್ರೆ ತಿಂಗಳಿಗೇ ಅದೇ ಕಥೆ.

ಮುಖ್ಯವಾದ ಮಾತು. ಫೀಡರ್ ಸ್ವಿಚ್ ಆಫ್ ಮಾಡಿದ್ರೂ ಅದರ ಮ್ಯಾಲಿನ ಕಡೆ, ಹಿಂದಿನ ಬಸ್‌ಬಾರ್ (ಎಲ್ಲಾ ಫೀಡರ್‌ಗೆ ಪವರ್ ಕೊಡೋ ಲೋಹದ ಪಟ್ಟಿ) ಎರಡೂ ಲೈವ್ ಇರ್ತಾವ. ಎಲಿವೇಟರ್ ಇಂಟರ್‌ಲಾಕ್ ವೈರು ಬ್ಯಾರೆ ಫೀಡರ್‌ನಿಂದ ಬಂದಿರ್ತೈತಿ, ಅದೂ ಲೈವ್. ಶಟ್‌ಡೌನ್ ದಿನ ಇನ್‌ಕಮರ್ (ಇಡೀ ಪ್ಯಾನೆಲ್‌ನ ಮೇನ್ ಸ್ವಿಚ್) ಆಫ್, ಬೀಗ, ಕೀಲಿ ಕೆಲಸ ಮಾಡೋನ ಜೇಬಿನಾಗ. ಡಿಜಿ (ಡೀಸೆಲ್ ಜನರೇಟರ್) ಆಟೋದಲ್ಲಿದ್ರೆ ಅದಕ್ಕೂ ಬೀಗ. ಕೆಪಾಸಿಟರ್ ಐದು ನಿಮಿಷ ಬಿಟ್ಟು ಅಳೆದೇ ಮುಟ್ರಿ. ಪವರ್ ಇಲ್ಲ ಅಂತ ಅಳೆಯೋಕೆ ಮುಂಚೆ ಒಮ್ಮೆ, ಅಳೆದ ಮ್ಯಾಲೆ ಒಮ್ಮೆ ಟೆಸ್ಟರ್‌ನ ಲೈವ್ ಪಾಯಿಂಟ್‌ನಾಗ ಪರೀಕ್ಷೆ ಮಾಡ್ರಿ, ಆಮೇಲೇ ಕೈ ಹಾಕ್ರಿ.

ಮಿಲ್ ಮೇಂಟೆನೆನ್ಸ್, ದಾವಣಗೆರೆ

ಅಳೆದು ನೋಡಿದ್ವಿ. ಮಿಲಿವೋಲ್ಟ್ ಆರ್ 9, ವೈ 11, ಬಿ 138. ಟೆಂಪರೇಚರ್ ಆರ್ 57, ವೈ 58, ಬಿ 94. ಕೇಬಲ್ 16 ಚದರ ಮಿ.ಮೀ. ಅಲ್ಯೂಮಿನಿಯಂ, ಲಗ್ ಕೂಡ ಅಲ್ಯೂಮಿನಿಯಂ. ಬಿ ಟರ್ಮಿನಲ್ ಸುತ್ತ ರಿಲೇ ಪ್ಲಾಸ್ಟಿಕ್ ಸ್ವಲ್ಪ ಉಬ್ಬಿದೆ. ಸ್ಕ್ರೂ ಜೋರಾಗಿ ಟೈಟ್ ಮಾಡಿದ್ರೆ ಸೀಸನ್ ಮುಗಿಯೋವರೆಗೂ ನಡೆಯುತ್ತಾ?

ಪ್ಯಾನೆಲ್ ಕೆಲಸ, ಹರಿಹರ

ನಡೆಯಲ್ಲ. ಬಿಸಿಯಾದಾಗ ಸ್ಕ್ರೂ ಕೆಳಗಿನ ಅಲ್ಯೂಮಿನಿಯಂ ಹಿಂಡಿ ಹೋಗುತ್ತೆ, ಆರಿದಾಗ ಸಡಿಲ ಉಳಿಯುತ್ತೆ. ಮತ್ತೆ ಟೈಟ್ ಮಾಡಿದ್ರೆ ಇನ್ನಷ್ಟು ಹಿಂಡುತ್ತೆ. ಪ್ಲಾಸ್ಟಿಕ್ ಉಬ್ಬಿದ ಮೇಲೆ ಆ ಟರ್ಮಿನಲ್ ಕ್ಲಾಂಪ್ ಹಿಡಿತ ನಂಬೋ ಹಾಗಿಲ್ಲ, ರಿಲೇ ಬದಲಾಯಿಸಲೇಬೇಕು.

ಕೇಬಲನ್ನ ಕಪ್ಪಾದ ಭಾಗ ದಾಟಿ, ಎಳೆಗಳು ಹೊಳೆಯೋವರೆಗೆ ಕತ್ತರಿಸಿ. ಎಳೆಗಳನ್ನ ವೈರ್ ಬ್ರಷ್‌ನಲ್ಲಿ ಉಜ್ಜಿ, ತಕ್ಷಣ ಜಾಯಿಂಟ್ ಪೇಸ್ಟ್ ಹಚ್ಚಿ, 16ರ ಬೈಮೆಟಲ್ ಲಗ್‌ನ (ಕೇಬಲ್ ಕಡೆ ಅಲ್ಯೂಮಿನಿಯಂ, ಟರ್ಮಿನಲ್ ಕಡೆ ತಾಮ್ರ) ಅದೇ ಸೈಜಿನ ಡೈಯಲ್ಲಿ ಕ್ರಿಂಪ್ ಮಾಡಿ, ಅಂದ್ರೆ ಒತ್ತಿ ಕೂರಿಸಿ. ಸುತ್ತಿಗೆ, ಕಟಿಂಗ್ ಪ್ಲೇಯರ್ ಕ್ರಿಂಪ್ ಬೇಡ. ಕೇಬಲ್ ಗಿಡ್ಡ ಆದ್ರೆ ಎಳೆದು ಕಟ್ಟಬೇಡಿ, ಟರ್ಮಿನಲ್ ಮೇಲೆ ಸೆಳೆತ ಬೀಳುತ್ತೆ. ರಿಲೇ ಮೈಮೇಲೆ ಅಥವಾ ಕ್ಯಾಟಲಾಗ್‌ನಲ್ಲಿ ಕೊಟ್ಟಿರೋ ನ್ಯೂಟನ್-ಮೀಟರ್‌ಗೆ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಬಿಗಿ ಮಾಡಿ, ಸ್ಕ್ರೂ ಮೇಲೆ ಪೇಂಟ್ ಗೆರೆ ಎಳೆಯಿರಿ. ಬಿ ಒಂದೇ ಅಲ್ಲ, ಮೋಟರ್‌ಗೆ ಹೋಗೋ ಆರೂ ಕೇಬಲ್‌ಗೆ ಇದೇ ಕ್ರಮ, ಮೋಟರ್ ಟರ್ಮಿನಲ್ ಬಾಕ್ಸ್ ಕಡೆ ಕೂಡ.

ಕೇಬಲ್ ಬಿಚ್ಚಿರುವಾಗ್ಲೇ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷೆ ಮಾಡೋ ಮೀಟರ್) ಒಂದು ನಿಮಿಷ ಕೊಡಿ, ಟೈಮರ್, ಎಲೆಕ್ಟ್ರಾನಿಕ್ ಸಾಮಾನು ಯಾವುದೂ ಆ ಸರ್ಕ್ಯೂಟ್‌ನಲ್ಲಿ ಇರಬಾರದು. 1 ಮೆಗಾಓಮ್‌ಗಿಂತ ಕಡಿಮೆ ಬಂದ್ರೆ ಚಾಲೂ ಮಾಡಬೇಡಿ. 5ಕ್ಕಿಂತ ಕಡಿಮೆ ಇದ್ರೆ ಮಳೆಗಾಲಕ್ಕೆ ಮುಂಚೆ ಒಣಗಿಸಿ.

ಹೊಸ ರಿಲೇ ತರುವಾಗ ಕ್ಲಾಸ್, ಅಂದ್ರೆ ಎಷ್ಟು ಬೇಗ ಟ್ರಿಪ್ ಆಗುತ್ತೆ ಅನ್ನೋ ದರ್ಜೆ, ನೋಡಿ. ಕ್ಲಾಸ್ 10 ರಿಲೇ 7.2 ಪಟ್ಟು ಕರೆಂಟಿಗೆ 10 ಸೆಕೆಂಡ್ ಒಳಗೇ ಬೀಳುತ್ತೆ. ಭಾರದ ಫ್ಯಾನ್, ವೇಗ ಹಿಡಿಯೋಕೆ ಹೊತ್ತು ತಗೊಳ್ಳೋದಾದ್ರೆ ಕ್ಲಾಸ್ 20 ಬೇಕಾಗಬಹುದು, ಆದ್ರೆ ಮೋಟರ್ ತಯಾರಕರು ಕೊಟ್ಟ ಸ್ಟಾರ್ಟಿಂಗ್ ಟೈಮ್ ನೋಡಿಯೇ ತಗೊಳ್ಳಿ. ಸೆಟ್ಟಿಂಗ್ 31. ಚಾಲೂ ಮಾಡಿದ ದಿನವೂ ವಾರ ಬಿಟ್ಟೂ ಮಧ್ಯಾಹ್ನ ಎರಡರ ಹೊತ್ತಿಗೆ ಮತ್ತೆ ಗನ್ ಹಿಡಿದು ನೋಡಿ. ಮೂರೂ ಫೇಸ್ ನಾಲ್ಕು ಡಿಗ್ರಿ ಒಳಗೆ ಇದ್ರೆ ಸ್ಕ್ರೂ ಮುಟ್ಟೋದೇ ಬೇಡ.