500 ರೂಪಾಯಿ ದೇಣಿಗೆ ಯಾರ ಖಾತೆಗೆ ಹಾಕಬೇಕು?

ಪ್ರಶ್ನೆ (ಸುಂಟಿಕೊಪ್ಪ): ಸರ್, ಮುಂದಿನ ವಿಧಾನಸಭೆ ಚುನಾವಣೆಗೆ ನಮ್ಮೂರಿನವರೊಬ್ಬರು ಪಕ್ಷೇತರರಾಗಿ ನಿಲ್ಲುತ್ತಾರೆ. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರ ಕಷ್ಟ ಬಲ್ಲವರು. ನಾವೊಂದಷ್ಟು ಜನ ತಲಾ 500 ಕೊಡಬೇಕು ಅಂತಿದ್ದೇವೆ. ಅವರ ತಮ್ಮನ ಫೋನ್‌ಪೇಗೆ ಹಾಕಬಹುದಾ? ತೆರಿಗೆ ವಿನಾಯಿತಿ ಸಿಗುತ್ತಾ? ದೊಡ್ಡ ತೋಟದವರ ದುಡ್ಡಿನ ಮುಂದೆ ನಮ್ಮದು ಲೆಕ್ಕಕ್ಕೆ ಬರುತ್ತಾ?

ಉತ್ತರ (ಆಡಿಟರ್, ಮಡಿಕೇರಿ): ತಮ್ಮನ ಫೋನ್‌ಪೇಗೆ ಖಂಡಿತ ಬೇಡ. ಚುನಾವಣೆ ಖರ್ಚಿಗೆಂದೇ ಅಭ್ಯರ್ಥಿ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ಅದೂ ನಾಮಪತ್ರ ಸಲ್ಲಿಸುವ ಹಿಂದಿನ ದಿನದೊಳಗೆ. ಆ ಖಾತೆಗೇ ಹಾಕಿ, ರಸೀದಿ ಕೇಳಿ ತಗೊಳ್ಳಿ. ಫಲಿತಾಂಶ ಬಂದ 30 ದಿನದೊಳಗೆ ಅವರು ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ 3 ವರ್ಷ ಅನರ್ಹ ಮಾಡಬಹುದು. ನೀವು ಪ್ರೀತಿಯಿಂದ ಕೊಟ್ಟ ದುಡ್ಡೇ ಅವರಿಗೆ ಮುಳುವಾಗಬಾರದು ಅಲ್ವಾ?

ವಿನಾಯಿತಿ ಸಿಗಲ್ಲ. ಅದು ನೋಂದಾಯಿತ ಪಕ್ಷಕ್ಕೆ ಅಥವಾ ಚುನಾವಣಾ ಟ್ರಸ್ಟ್‌ಗೆ (ದೇಣಿಗೆ ಸಂಗ್ರಹಿಸಿ ಪಕ್ಷಗಳಿಗೆ ಹಂಚುವ ಸಂಸ್ಥೆ) ಕೊಟ್ಟರೆ ಮಾತ್ರ. ಅದೂ ನಗದು ಆಗಿರಬಾರದು, ಹಳೇ ತೆರಿಗೆ ಪದ್ಧತಿಯಲ್ಲಿರಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 2023ರಲ್ಲಿ ಇಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಅಂದರೆ 8,000 ಜನರ ತಲಾ 500. ಅಷ್ಟು ಜನ ಸೇರದಿದ್ದರೂ ಜೀಪ್ ಬಾಡಿಗೆ, ಕರಪತ್ರದ ಖರ್ಚು ನೀವೇ ಹೊರಬಹುದು. ಆಗ ಅವರು ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿಲ್ಲ. ಆದರೆ ಮಿತಿ ಇರೋದು ಅಭ್ಯರ್ಥಿಗೆ ಮಾತ್ರ, ಪಕ್ಷದ ಖರ್ಚಿಗಿಲ್ಲ. ಪಕ್ಷಕ್ಕೆ ಒಬ್ಬ ವ್ಯಕ್ತಿ ಎಷ್ಟು ಬೇಕಾದರೂ ಕೊಡಬಹುದು. ಇದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2008ಕ್ಕೆ ಮೊದಲು ಕೊಡಗಿಗೆ ಮೂರು ಕ್ಷೇತ್ರ ಇದ್ದವು, ಈಗ ಮಡಿಕೇರಿ, ವಿರಾಜಪೇಟೆ ಎರಡೇ. ಇಡೀ ಜಿಲ್ಲೆಗೆ ಇಬ್ಬರು ಶಾಸಕರು ಅಂದಾಗ ಅವರು ಯಾರ ಹಂಗಿನಲ್ಲಿದ್ದಾರೆ ಅನ್ನೋದು ದೊಡ್ಡ ವಿಷಯ.

ಗೆಲ್ಲಲಿ ಸೋಲಲಿ, ಲೆಕ್ಕ ಸಲ್ಲಿಸಿದ ಮೇಲೆ ಹೋಗಿ ನೋಡಿ. 1 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಎದುರಾಳಿಗಳದ್ದೂ ನೋಡಿ.

ಪ್ರಶ್ನೆ (ಗೋಣಿಕೊಪ್ಪ): ನಮ್ಮಣ್ಣ ದುಬೈಲಿದ್ದಾರೆ, ಕೊಡಬಹುದಾ ಸರ್?

ಉತ್ತರ: ಭಾರತದ ಪಾಸ್‌ಪೋರ್ಟ್ ಇದ್ದರೆ ಕೊಡಬಹುದು. ಬೇರೆ ದೇಶದ ಪೌರತ್ವ ತಗೊಂಡಿದ್ದರೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ ಕೊಡುವಂತಿಲ್ಲ. ಅವರ ದುಡ್ಡು ನಿಮ್ಮ ಖಾತೆಗೆ ಬಂದು ಅಲ್ಲಿಂದ ಹೋಗೋದೂ ಬೇಡ.