ಮುಂಗಡ ಕೊಟ್ಟರೆ ಜೀತ ಆಗುತ್ತಾ? ಕಾರ್ಮಿಕ ಕಾನೂನಿನ ವಕೀಲರ ಜೊತೆ ಪ್ರಶ್ನೋತ್ತರ

(ಬಳ್ಳಾರಿ, ರಾಯಚೂರು, ಕೊಪ್ಪಳದ ಸಣ್ಣ ಉದ್ದಿಮೆದಾರರ ಗುಂಪು. ಭಾನುವಾರ ಸಂಜೆ 6ರಿಂದ.)

ಜೀನ್ಸ್ ಘಟಕ, ಬಳ್ಳಾರಿ: ಸರ್, ನಾವು ಹೊಲಿದ ಪ್ಯಾಂಟು ಏಜೆಂಟರ ಮೂಲಕ ಬ್ರಿಟನ್ನಿಗೆ ಹೋಗುತ್ತೆ. ಈಗ ಎಂಟು ಪುಟದ ಫಾರಂ ಬಂದಿದೆ, 'ನಿಮ್ಮಲ್ಲಿ ಆಧುನಿಕ ಗುಲಾಮಗಿರಿ ಇದೆಯಾ' ಅಂತ. ಎಲ್ಲದಕ್ಕೂ 'ಇಲ್ಲ' ಬರೆದು ಸೀಲ್ ಹೊಡೆದರೆ ಸಾಕಲ್ವಾ?

ವಕೀಲ: ಸಾಕಾಗಲ್ಲ. ಬ್ರಿಟನ್ನಿನ 2015ರ ಕಾಯ್ದೆ ಪ್ರಕಾರ ಅಲ್ಲಿ ವ್ಯಾಪಾರ ಮಾಡುವ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿನ ಕಂಪನಿಗಳು ತಮಗೆ ಸರಕು ಬರುವ ದಾರಿಯಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದ್ದೇವೆ ಅಂತ ಪ್ರತಿ ವರ್ಷ ಹೇಳಿಕೆ ಕೊಡಬೇಕು. ಕಾಯ್ದೆ ಅವರ ಮೇಲೆ, ನಿಮ್ಮ ಮೇಲಲ್ಲ. ಆದರೆ ನಿಮ್ಮ ಸುಳ್ಳು ಅವರ ಹೇಳಿಕೆಯೊಳಗೆ ಹೋಗಿ ಕೂರುತ್ತೆ. ದಾರ ಕತ್ತರಿಸುವ ಕೆಲಸ ಮನೆಮನೆಗೆ ಕೊಡುತ್ತೀರಲ್ಲ, ವಾಷಿಂಗ್ ಬೇರೆ ಕಡೆ ಮಾಡಿಸುತ್ತೀರಲ್ಲ, ಮೊದಲು ಅದನ್ನು ಬರೆಯಿರಿ. ಪೀಸಿಗೆ ಎಷ್ಟು ಕೊಡುತ್ತೀರಿ, ದಿನಕ್ಕೆ ಎಷ್ಟು ಪೀಸ್ ಆಗುತ್ತೆ, ಕನಿಷ್ಠ ಕೂಲಿ ಮುಟ್ಟುತ್ತಾ, ಲೆಕ್ಕ ಹಾಕಿ. ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಕೇಸಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ.

ಅಕ್ಕಿ ಗಿರಣಿ, ಗಂಗಾವತಿ: ಇದು ಫಾರ್ವರ್ಡ್ ಬಂದಿದೆ. '100 ರೂಪಾಯಿ ಬಾಂಡ್ ಪೇಪರ್ ಮೇಲೆ ಸ್ವಂತ ಇಚ್ಛೆಯಿಂದ ಬಂದಿದ್ದೇನೆ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರೆ ಜೀತದ ಕಾನೂನು ತಾಗಲ್ಲ.' ನಿಜವಾ?

ವಕೀಲ: ಸುಳ್ಳು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಇಂಥ ಕರಾರಿಗೆ ಬೆಲೆಯೇ ಇಲ್ಲ, ಕಾಯ್ದೆಗೆ ಮೊದಲು ಬರೆದದ್ದಿರಲಿ, ಆಮೇಲೆ ಬರೆದದ್ದಿರಲಿ. ಆ ಬಾಂಡ್ ನಿಮ್ಮ ವಿರುದ್ಧ ನೀವೇ ಬರೆದುಕೊಟ್ಟ ಸಾಕ್ಷಿ.

ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ ಮಿಲ್), ರಾಯಚೂರು: ಹಾಗಾದರೆ ಮುಂಗಡ ಕೊಡಲೇಬಾರದಾ? ಮುಂಗಡ ಇಲ್ಲದೆ ಒಬ್ಬ ಆಳೂ ಬರಲ್ಲ.

ವಕೀಲ: ಮುಂಗಡ ಕೊಡುವುದು ಅಪರಾಧ ಅಲ್ಲ. ಮುಂಗಡದ ನೆಪದಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗಬೇಡ, ಊರು ಬಿಡಬೇಡ ಅಂದರೆ, ಅಥವಾ ಕನಿಷ್ಠ ಕೂಲಿ ಕೊಡದಿದ್ದರೆ ಜೀತ. ಇವುಗಳಲ್ಲಿ ಒಂದಿದ್ದರೂ ಸಾಕು. 3 ವರ್ಷದವರೆಗೆ ಜೈಲು, 2,000 ರೂ.ವರೆಗೆ ದಂಡ.

ಜಿನ್ನಿಂಗ್, ರಾಯಚೂರು: ಬರೀ ಎರಡು ಸಾವಿರಾನಾ 😀

ವಕೀಲ: ಅದರ ಹಿಂದಿನ ಮೂರು ವರ್ಷ ಕಣ್ಣಿಗೆ ಬೀಳಲಿಲ್ವಾ?

ಗುತ್ತಿಗೆದಾರ, ಕೊಪ್ಪಳ: ಸರ್, ನನ್ನದು ಸ್ವಲ್ಪ ಬೇರೆ. ಒಂದು ಭಟ್ಟಿಯಿಂದ ಇಟ್ಟಿಗೆ ತಗೊಳ್ತೀನಿ. ಶುಕ್ರವಾರ ಲೋಡ್ ತರಲು ಹೋದಾಗ ಒಬ್ಬ ಹೆಂಗಸು ಅಳುತ್ತಾ ಕೂತಿದ್ದಳು. ಗಂಡನ ಅಪ್ಪ ತೀರಿಕೊಂಡರಂತೆ, ಗಂಡನನ್ನು ಮಾತ್ರ ಊರಿಗೆ ಬಿಟ್ಟಿದ್ದಾರೆ. 'ನೀನೂ ಮಗನೂ ಇಲ್ಲೇ ಇರಿ, ಅವನು ವಾಪಸ್ ಬರಲಿ' ಅಂದರಂತೆ. ಮುಂಗಡ 60,000. ಮಗನಿಗೆ ಹನ್ನೆರಡಿರಬಹುದು, ಇಟ್ಟಿಗೆ ಮಗುಚುತ್ತಿದ್ದ. ಭಟ್ಟಿ ನನ್ನದಲ್ಲ. ನನಗೇನಾದರೂ ತೊಂದರೆ ಇದೆಯಾ?

ವಕೀಲ: ನಿಮ್ಮ ತೊಂದರೆ ಆಮೇಲೆ ನೋಡೋಣ. ನೀವು ಹೇಳಿದ್ದು ಒತ್ತೆ. ಸಾಲಕ್ಕೆ ಎತ್ತು ಕಟ್ಟಿ ಹಾಕಿದ ಹಾಗೆ ಹೆಂಡತಿ, ಮಗನನ್ನು ಕಟ್ಟಿ ಹಾಕಿದ್ದಾರೆ, ಹಗ್ಗ ಕಾಣಲ್ಲ ಅಷ್ಟೇ. ಭಟ್ಟಿಯಲ್ಲಿ ಇದು ಹೇಗೆ ನಡೆಯುತ್ತೆ ಅಂತ ಕೇಳಿ. ಕೂಲಿ ಸಾವಿರ ಇಟ್ಟಿಗೆ ಲೆಕ್ಕದಲ್ಲಿ, ಪಟ್ಟಿ ಪುಸ್ತಕ ಮೇಸ್ತ್ರಿ ಕೈಯಲ್ಲಿ, ಇವರ ಕೈಗೆ ಬರೋದು ವಾರದ ಸಂತೆ ಖರ್ಚು ಮಾತ್ರ. ಮಳೆಗೆ ಕರಗಿದ, ಒಡೆದ ಇಟ್ಟಿಗೆ ಇವರ ಲೆಕ್ಕದಿಂದ ಕಡಿತ. ಗಂಡ, ಹೆಂಡತಿ, ಮಗ ಮೂವರೂ ದುಡಿದರೂ ಪುಸ್ತಕದಲ್ಲಿ ಗಂಡನ ಹೆಸರು ಒಂದೇ. ಹಂಗಾಮು ಮುಗಿದಾಗ ಸಾಲ ಉಳಿದೇ ಇರುತ್ತೆ, ಮುಂದಿನ ವರ್ಷವೂ ಅದೇ ಭಟ್ಟಿ. ಕಾನೂನು ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಆ 60,000 ಯಾರೂ ವಸೂಲಿ ಮಾಡುವಂತಿಲ್ಲ. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ಕೊಟ್ಟವನೇ, ಆ ಹೆಂಗಸಲ್ಲ. ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಬರೆದು ಕೊಡಬೇಕು, ಹುಡುಗನಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಅಧಿಕಾರಿಗಳು ಬಂದು ಹೇಳಿಕೆ ತಗೊಂಡು ಬಿಡುಗಡೆ ಪತ್ರ ಕೊಟ್ಟರೆ ಮಾತ್ರ 30,000 ರೂ.ವರೆಗೆ ತಕ್ಷಣದ ನೆರವು, ಮುಂದೆ ಪುನರ್ವಸತಿ ಹಣ ಸಿಗೋದು. ಅಲ್ಲಿವರೆಗೆ ಭಟ್ಟಿ ಮಾಲೀಕರಿಗೆ ಸುಳಿವು ಕೊಡಬೇಡಿ. ರಾತ್ರೋರಾತ್ರಿ ಲಾರಿ ಹತ್ತಿಸಿ ಕಳಿಸಿಬಿಡುತ್ತಾರೆ, ಬೆಳಿಗ್ಗೆ ಹೋದರೆ ಬೂದಿ ಮಾತ್ರ ಇರುತ್ತೆ.

ಗುತ್ತಿಗೆದಾರ, ಕೊಪ್ಪಳ: ಸರ್, ನಾನು ಮಧ್ಯಾಹ್ನವೇ ಫೋನ್ ಮಾಡಿ 'ಹೀಗೆಲ್ಲ ಮಾಡಿದರೆ ಆರ್ಡರ್ ಕ್ಯಾನ್ಸಲ್' ಅಂದುಬಿಟ್ಟೆ.

ವಕೀಲ: ಅಯ್ಯೋ. ಯಾಕೆ ಮಾಡಿದಿರಿ? ಟೈಪ್ ಮಾಡಬೇಡಿ, ಈಗಲೇ ನನಗೆ ಕಾಲ್ ಮಾಡಿ. ಭಟ್ಟಿ ಹೆಸರು, ಅವರ ಹೆಸರು ಇಲ್ಲಿ ಹಾಕಬೇಡಿ.

ಬೀಜದ ಸಂಘಟಕ, ಕುಷ್ಟಗಿ: ಸರ್, ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ನಡೀತಿದೆ. ಸಂಜೆ ಮೊಗ್ಗು ಬಿಡಿಸಿ ಬೆಳಿಗ್ಗೆ ಪರಾಗ ಹಚ್ಚಬೇಕು. ರೈತರು ಶಾಲೆ ಬಿಡಿಸಿ ಹುಡುಗಿಯರನ್ನು ಕರೆತರುತ್ತಾರೆ. ಕಂಪನಿಯವರು 'ಮಕ್ಕಳಿಲ್ಲ' ಅಂತ ನನ್ನ ಕೈಲಿ ಸಹಿ ಕೇಳುತ್ತಿದ್ದಾರೆ. ಹಾಕಲಾ?

ಅಕ್ಕಿ ಗಿರಣಿ, ಗಂಗಾವತಿ: ಮುಂಗಡ ಕೊಡಬಹುದಾ ಇಲ್ವಾ ಅಂತ ಒಂದೇ ಮಾತಲ್ಲಿ ಹೇಳಿ ಸರ್.

ವಕೀಲ: ಮೇಲೆ ಇದೆ. ಓದಿ.

ಸಾಗಾಣಿಕೆ, ಸಿಂಧನೂರು: ಆಳುಗಳ ಆಧಾರ್ ಒರಿಜಿನಲ್ ಇಟ್ಟುಕೊಳ್ಳಬಹುದಾ? ಸುಮ್ನೆ, ಸೇಫ್ಟಿಗೆ.

ವಕೀಲ: ಬೇಡ.

ಸಾಗಾಣಿಕೆ, ಸಿಂಧನೂರು: ಓಡಿ ಹೋದರೆ?

ವಕೀಲ: ಓಡಿ ಹೋಗುವ ಹಕ್ಕು ಅವರಿಗಿದೆ. ಜೆರಾಕ್ಸ್ ಇಟ್ಟುಕೊಳ್ಳಿ.

ಜಿನ್ನಿಂಗ್, ರಾಯಚೂರು: ಚೆನ್ನಾಗಿದೆ. ಹೋದ ವರ್ಷ ಮೂರು ಜನ ನನ್ನ ಮುಂಗಡ ತಗೊಂಡು ಬೆಂಗಳೂರಿಗೆ ಹೋದರು. ನನ್ನ ದುಡ್ಡಿಗೆ ಯಾವ ಕಾಯ್ದೆ?

ಸೂಪರ್‌ವೈಸರ್, ದೇವದುರ್ಗ: ಅಣ್ಣಾ, ನಮ್ಮಪ್ಪ ಅಮ್ಮ ಪ್ರತಿ ವರ್ಷ ಗುಳೆ ಹೋದವರು. ಹಬ್ಬಕ್ಕೆ ತಗೊಂಡ ಮುಂಗಡ ಮುಂದಿನ ಹಬ್ಬಕ್ಕೂ ತೀರುತ್ತಿರಲಿಲ್ಲ. ಒಮ್ಮೆ ನನ್ನ ತಂಗಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗಲೂ ಮೇಸ್ತ್ರಿ ಬಿಡಲಿಲ್ಲ. ನಿಮ್ಮದು ಹೋದದ್ದು ದುಡ್ಡು ಮಾತ್ರ.

ಜಿನ್ನಿಂಗ್, ರಾಯಚೂರು: ಕಣ್ಣೀರಿನ ಕತೆ ಬೇಡ. ವ್ಯಾಪಾರ ಮಾಡಿ ನೋಡು, ಗೊತ್ತಾಗುತ್ತೆ.

ಸೂಪರ್‌ವೈಸರ್, ದೇವದುರ್ಗ: ಹತ್ತಿ ಗೋದಾಮಿಗೆ ರಾತ್ರಿ ಹೊರಗಿಂದ ಬೀಗ ಹಾಕೋದೂ ವ್ಯಾಪಾರನಾ? ಎಲ್ಲರಿಗೂ ಗೊತ್ತಿದೆ.

ಜಿನ್ನಿಂಗ್, ರಾಯಚೂರು: ಮಾತು ಸರಿಯಾಗಿ ಆಡು. ಬೀಗ ಕಳ್ಳರಿಗೆ.

ಜೀನ್ಸ್ ಘಟಕ, ಬಳ್ಳಾರಿ: ಕಳ್ಳ ಹೊರಗಿರ್ತಾನೆ, ನೀವು ಒಳಗಿನವರಿಗೆ ಬೀಗ ಹಾಕ್ತೀರಲ್ಲ. ಬೆಂಕಿ ಬಿದ್ದರೆ?

ಜಿನ್ನಿಂಗ್, ರಾಯಚೂರು: ನಿನ್ನ ಫಾರಂ ತುಂಬಿಕೋ ಹೋಗು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ತೆಗೆದು ಹಾಕುತ್ತೇನೆ.

ಅಕ್ಕಿ ಗಿರಣಿ, ಗಂಗಾವತಿ: ಹೊಸ ಫಾರ್ವರ್ಡ್: 'ಆಳುಗಳನ್ನು ಮೇಸ್ತ್ರಿ ಹೆಸರಲ್ಲಿ ತೋರಿಸಿದರೆ ಮಾಲೀಕರಿಗೆ ಜವಾಬ್ದಾರಿ ಇಲ್ಲ.' ವಕೀಲರು ನೋಡಿ.

ವಕೀಲ (9:50): ಇದೂ ಸುಳ್ಳು. ಇಂಥದ್ದು ಕಳಿಸೋದು ನಿಲ್ಲಿಸಿ, ದಯವಿಟ್ಟು. ನಾನು ಕೊಪ್ಪಳದ ದಾರಿಯಲ್ಲಿದ್ದೇನೆ. ಗುತ್ತಿಗೆದಾರರೇ, ಭಟ್ಟಿಯ ಬಿಲ್ಲುಗಳೆಲ್ಲ ತನ್ನಿ, ಫೋನ್ ಆನ್ ಇರಲಿ.

ಬೀಜದ ಸಂಘಟಕ, ಕುಷ್ಟಗಿ: ಸರ್, ನನ್ನ ಸಹಿ ವಿಚಾರ? ಕಂಪನಿಯವರು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ. ಹುಡುಗಿಯರು ಆರಕ್ಕೇ ಬಂದಿರುತ್ತಾರೆ.